ಬಾಗಿಲಮ್ಮ ಮಾಡಿದ ಮಾತಿನ ಪೆಟ್ಟಿಗೆ

ಲಿಫ್ಟಿನೊಳಗೆ ನಿಂತಾಗ ತಲೆಯ ಮೇಲಿನಿಂದ ಒಂದು ದನಿ "ಮೂರನೇ ಮಹಡಿ" ಎನ್ನುತ್ತದಲ್ಲ, ಆ ದನಿಯ ಹಿಂದೆ ಯಾರಾದರೂ ಕೂತಿರಬಹುದೆಂದು ನೀವು ಯೋಚಿಸಿರಲಿಕ್ಕಿಲ್ಲ. ಯೋಚಿಸಬೇಕಾದ್ದೂ ಇಲ್ಲ ಅನ್ನಿ. ಮಹಡಿ ಬಂತೆಂದರೆ ಇಳಿದು ಹೋಗುವುದಷ್ಟೇ ನಮ್ಮ ಕೆಲಸ. ಆದರೆ ಹಿಂದೆ ಕೂತವರು ಒಬ್ಬರಿದ್ದರು. ಕೆಳಗೆ ಬೀಗದ ಕೈ ಮಾಡಿಕೊಡುವ ಅಂಗಡಿ, ಮೇಲೆ ಲಿಫ್ಟುಗಳಿಗೆ ಮಾತು ಕಲಿಸುವ ಸಣ್ಣ ಕಚೇರಿ. ಆ ಕಚೇರಿಯ ಕಿಟಕಿ ಪಕ್ಕದ ಮೇಜು ಆಕೆಯದು. ಐವತ್ತು ದಾಟಿದ ಹೆಂಗಸು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು, ಹೆಗಲ ಚೀಲ ಕುರ್ಚಿಯ ಬೆನ್ನಿಗೆ ತಗುಲಿಸಿ ಕೂತರೆ ಚಹಾದ ಹೊತ್ತಿಗೇ ಏಳುವುದು. ಕಚೇರಿಯವರು ಆಕೆಯನ್ನು ಬಾಗಿಲಮ್ಮ ಎಂದು ಕರೆಯುತ್ತಿದ್ದರು. ಲಿಫ್ಟಿನ ಬಾಗಿಲಿಗೂ ಆ ಹೆಸರಿಗೂ ಸಂಬಂಧವಿಲ್ಲ. ಬೇರೆ ಬಾಗಿಲು ಅದು. ಸ್ವಲ್ಪ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ.

ಕಂಪ್ಯೂಟರಿನ ಒಳಗೆ ಎರಡಂತಸ್ತಿನ ಒಂದು ಮನೆ ಇದೆ ಎಂದುಕೊಳ್ಳಿ. ಮೇಲಿನವರು ಆಡುವುದು ಸ್ಕ್ರಿಪ್ಟ್ ಎಂಬ ಸಲೀಸು ಭಾಷೆ. ಅಲ್ಲಿ ಯಾರೂ ಅಳತೆ ಕೇಳುವುದಿಲ್ಲ. ಇವತ್ತು ಸಂಖ್ಯೆ ಇಟ್ಟ ಡಬ್ಬಿಯಲ್ಲಿ ನಾಳೆ ಪದ ಇಡಬಹುದು. ಬೇಡವಾದದ್ದನ್ನು ಬಿಟ್ಟು ಎದ್ದುಹೋದರೆ ಗುಡಿಸುವವರು ಬಂದು ಗುಡಿಸುತ್ತಾರೆ. ಕೆಳಗಿನವರ ಭಾಷೆ ಸಿ. ಓಟದಲ್ಲಿ ಅದನ್ನು ಮೀರಿಸುವವರಿಲ್ಲ, ಆದರೆ ಬಲು ಕಟ್ಟುನಿಟ್ಟು. ಅಲ್ಲಿ ಒಂದು ಲೋಟ ಹಿಡಿಯುವ ಪಾತ್ರೆಗೆ ಎರಡು ಲೋಟ ಸುರಿದರೆ ಪಕ್ಕದ ಪಾತ್ರೆಯಲ್ಲಿದ್ದದ್ದೂ ಕೆಡುತ್ತದೆ, ಮತ್ತು 'ಯಾಕಪ್ಪಾ ಹೀಗೆ ಮಾಡಿದೆ' ಎಂದು ಕೇಳುವವರೂ ಇರುವುದಿಲ್ಲ. ಯಾವಾಗ ಏನು ಹೇಳಬೇಕೆಂಬ ತೀರ್ಮಾನ ಮೇಲಿನವರದು. ದನಿ ಹೊರಡಿಸುವ ಭಾರದ ಕೆಲಸ ಕೆಳಗಿನವರದು. ನಡುವೆ ಒಂದು ಬಾಗಿಲು. ಮೇಲಿನವರು ಆ ಬಾಗಿಲಿಗೆ ಒಂದು ಗಂಟು ತಂದುಕೊಡುತ್ತಾರೆ. ಅದರಲ್ಲಿ ಹೇಳಬೇಕಾದ ಮಾತು, ಹೇಳುವ ವೇಗ, ದನಿಯ ಏರು. ಕಸುಬಿನವರು ಇವನ್ನು ಆರ್ಗ್ಯುಮೆಂಟು ಎನ್ನುತ್ತಾರೆ. ಗಂಟು ಬಿಚ್ಚಿ, ಎಷ್ಟು ಬಂದಿವೆ, ಪದ ಬರಬೇಕಾದಲ್ಲಿ ಪದವೇ ಬಂದಿದೆಯೆ, ಸಂಖ್ಯೆ ಬರಬೇಕಾದಲ್ಲಿ ಸಂಖ್ಯೆಯೇ ಬಂದಿದೆಯೆ ಎಂದು ನೋಡಿ, ಸರಿಯಿದ್ದರೆ ಆಯಾ ಅಳತೆಯ ಪಾತ್ರೆಗೆ ಹಾಕಿ ಒಳಗೆ ಕಳಿಸುವುದು. ಇಲ್ಲದಿದ್ದರೆ ಹೊಸ್ತಿಲಲ್ಲೇ ತಡೆದು ಕಾರಣ ಹೇಳಿ ವಾಪಸು ಕಳಿಸುವುದು. ಇದು ಬಾಗಿಲಮ್ಮನ ಕೆಲಸ. ಕಚೇರಿಯ ಎಲ್ಲ ಬಾಗಿಲುಗಳನ್ನೂ ಬರೆದವಳು ಆಕೆಯೇ.

ಬೇರೆಯವರು ಬರೆದ ಬಾಗಿಲುಗಳು "ತಪ್ಪು ಬಗೆ" ಎಂದು ಒಂದು ಮಾತು ಬಿಸಾಕಿ ಮುಖದ ಮೇಲೆ ಮುಚ್ಚಿಕೊಳ್ಳುತ್ತವೆ. ಬಾಗಿಲಮ್ಮನದು ಹಾಗಲ್ಲ. ಎದುರಿನ ಮೇಜಿನಲ್ಲಿ ಸ್ಕ್ರಿಪ್ಟ್ ಬರೆಯುವವನೊಬ್ಬನಿದ್ದ. ಸದಾ ಅವಸರ, ಹಾಗಾಗಿ ಅವನಿಗೆ ಗಡಿಬಿಡಿ ಎಂದೇ ಹೆಸರು.

"ಮೇಡಮ್, ನಿಮ್ಮ ಬಾಗಿಲು ನನ್ನನ್ನ ಮತ್ತೆ ಆಚೆ ಹಾಕ್ತು."

"ಏನಂತು?"

"'ಎರಡನೆಯದು ವೇಗ. ಅದು ಸಂಖ್ಯೆ ಆಗಿರಬೇಕು. ನೀವು ಪದ ಕೊಟ್ಟಿದ್ದೀರಿ. ಸಂಖ್ಯೆಯ ಸುತ್ತಲಿನ ಉದ್ಧರಣ ಚಿಹ್ನೆ ತೆಗೆದು ನೋಡಿ.' ನಮ್ಮತ್ತೆ ಕೂಡ ಇಷ್ಟು ಮರ್ಯಾದೆಯಾಗಿ ಆಚೆ ಹಾಕಲ್ಲ ಬಿಡಿ."

"ಹೇಳಿದ್ದರಲ್ಲಿ ತಪ್ಪೇನಿದೆ?"

"ತಪ್ಪಿಲ್ಲ ಅನ್ನೋದೇ ಹೊಟ್ಟೆ ಉರಿ."

ಆ ಒಂದೊಂದು ಸಾಲಿಗೂ ಆಕೆ ಬಹಳ ಹೊತ್ತು ಕೂರುತ್ತಿದ್ದಳು. ಯಾವುದೋ ಊರಿನಲ್ಲಿ, ಯಾರೋ ಕಂಡರಿಯದವರು, ಎಲ್ಲಿ ತಪ್ಪಿದ್ದೇವೆಂದು ತಿಳಿಯದೆ ಪರದೆಯ ಮುಂದೆ ತಲೆ ಕೆರೆದುಕೊಳ್ಳುತ್ತಿರುತ್ತಾರೆ. ಅವರಿಗೆ ಹೇಗೆ ಹೇಳಿದರೆ ನೋವಾಗದೆ ತಿಳಿದೀತು ಎಂದು ಅಳೆದು ಸುರಿದು ಬರೆಯುತ್ತಿದ್ದಳು. ದಿನದಲ್ಲಿ ಆಕೆ ಮನಸ್ಸಿಟ್ಟು ಆಡುತ್ತಿದ್ದ ಮಾತೆಂದರೆ ಅವೇ. ಸಂಜೆ ಮನೆಗೆ ಹೋದರೆ ಅಲ್ಲಿ ಮಾತು ಇರಲಿಲ್ಲ.

ಇರಲಿಲ್ಲ ಅಂದರೆ ಮೊದಲಿನಿಂದ ಇರಲಿಲ್ಲ ಎಂದಲ್ಲ. ಆಕೆಯ ಗಂಡ ಕಾರು ಕಲಿಸುವ ಮೇಷ್ಟ್ರು. ಎರಡು ಬ್ರೇಕಿನ ಪುಟ್ಟ ಕಾರಿನಲ್ಲಿ, ಪಕ್ಕದ ಸೀಟಿನಲ್ಲಿ ಕೂತು, ಬೆಳಗಿನಿಂದ ಬೈಗಿನವರೆಗೆ ಬಾಯಿ ನಡೆಸುತ್ತಿದ್ದ ಮನುಷ್ಯ. "ಕ್ಲಚ್ಚನ್ನ ಹಾಗೆ ಒದೀಬೇಡಮ್ಮ, ಅದೇನು ನಿನ್ನ ನಾದಿನೀನಾ?" "ಎದುರಿಗೆ ಲಾರಿ ಬಂದ್ರೆ ಕಣ್ಣು ಮುಚ್ಚಬೇಡಪ್ಪ, ಅವನೂ ಮುಚ್ಚಿದ್ರೆ ನನ್ನ ಗತಿ ಏನು?" ಸಂಜೆ ಬಂದು ಅಡುಗೆಮನೆಯ ಕಟ್ಟೆಗೆ ಒರಗಿ ನಿಂತು, ಆ ದಿನ ಕಲಿಯಲು ಬಂದವರೆಲ್ಲರ ದನಿಯನ್ನೂ ಮಾಡಿ ತೋರಿಸುತ್ತಿದ್ದರು. ಆಕೆ ಸೌಟು ಹಿಡಿದು ನಗುತ್ತಿದ್ದಳು. ಮಕ್ಕಳಿಲ್ಲದ ಮನೆ ಅದು. ತುಂಬಿದ ಮನೆಯ ಹಾಗಿತ್ತು.

ಆಮೇಲೆ ಗಂಟಲಲ್ಲಿ ಗಡ್ಡೆ ಕಂಡಿತು. ದೊಡ್ಡ ಆಸ್ಪತ್ರೆಯಲ್ಲಿ ಕೊಯ್ದು ಜೀವ ಉಳಿಸಿದರು, ಧ್ವನಿಪೆಟ್ಟಿಗೆ ತೆಗೆದರು. ಕುತ್ತಿಗೆಯ ಬುಡದಲ್ಲಿ ಉಸಿರಾಡಲು ಒಂದು ತೂತು, ಅದರ ಮೇಲೆ ತೆಳುಬಟ್ಟೆ. ಬರೆದು ತೋರಿಸಿ ಎಂದರು ಡಾಕ್ಟರು. ಮೇಷ್ಟ್ರ ಕೈಬರಹ ಮೊದಲೇ ಕಲಿಯುವವರ ಕಾರಿನ ಹಾಗೆ ರಸ್ತೆ ಬಿಟ್ಟು ಓಡುವಂಥದ್ದು. ನಾಲ್ಕು ದಿನ ಬರೆದರು. ಐದನೆಯ ದಿನ, "ಕಾಗದ ಹಿಡಿದು ನಿಂತರೆ ಬೇಡೋಕೆ ಬಂದವನ ಹಾಗೆ ಕಾಣ್ತೀನಿ" ಎಂದು ಕಾಗದದಲ್ಲೇ ಬರೆದು ಪೆನ್ನು ಒಳಗಿಟ್ಟರು.

ಆಗ ಬಾಗಿಲಮ್ಮ ಒಂದು ಪೆಟ್ಟಿಗೆ ಮಾಡಿದಳು. ಕಚೇರಿಯಲ್ಲಿ ಉಳಿದಿದ್ದ ಸಾಮಾನುಗಳೇ ಸಾಕಾದವು. ಒಂದು ಸ್ಪೀಕರು, ಒಂದು ಚಿಕ್ಕ ಕೀಬೋರ್ಡು, ಲಿಫ್ಟಿನಲ್ಲಿ ಮಹಡಿ ತೋರಿಸುವ ಕಿರಿದಾದ ಪಟ್ಟಿ. ಆ ಪಟ್ಟಿಯಲ್ಲಿ ಒಮ್ಮೆಗೆ ಕಾಣುವುದು ಬೆರಳೆಣಿಕೆಯ ಅಕ್ಷರ. ಮಹಡಿ ತೋರಿಸಲು ಅಷ್ಟು ಸಾಕಲ್ಲ. ಇಲ್ಲಿ ಮಹಡಿಯ ಬದಲು ಬ್ಯಾಟರಿ ಎಷ್ಟು ಉಳಿದಿದೆಯೆಂದು ಅದು ತೋರಿಸುತ್ತಿತ್ತು. ಒಳಗೆ ಅದೇ ಲಿಫ್ಟಿನ ಮಾತಿನ ಕೆಲಸ, ಅದೇ ಬಾಗಿಲು. ಮೇಲುಗಡೆ ಒಂದು ಸಾಲು ದೊಡ್ಡ ಗುಂಡಿಗಳು: ಹೌದು, ಬೇಡ, ಸರಿ, ಚಹಾ, ನೀರು, ನೋವಿಲ್ಲ, ಹೊರಗೆ ಹೋಗಿ ಬರ್ತೀನಿ. ಬೇರೆ ಏನಾದರೂ ಹೇಳಬೇಕಿದ್ದರೆ ಕೆಳಗಿನ ಕೀಲಿಗಳಲ್ಲಿ ಒತ್ತಬೇಕು. ಗುಂಡಿಗಳನ್ನು ಒಂದೊಂದಾಗಿ ಒತ್ತಿ ನೋಡಿದಳು. ಕೀಲಿಗಳಲ್ಲಿ "ಹಲೋ" ಎಂದು ಒತ್ತಿದಳು, ಬಂತು. ಮೇಷ್ಟ್ರ ಕೈಗಿಟ್ಟಳು. ಅವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ "ಸರಿ" ಒತ್ತಿದರು. ಗಂಡಸಿನ ನಯವಾದ ದನಿಯೊಂದು ಸರಿ ಎಂದಿತು.

ಅಲ್ಲಿಂದ ಮುಂದೆ ಒಂದು ವರ್ಷ ಆ ಮನೆಯಲ್ಲಿ ಗುಂಡಿಗಳದೇ ಮಾತು.

"ಇವತ್ತು ಪಾರ್ಕಲ್ಲಿ ಯಾರು ಸಿಕ್ಕಿದ್ರು ರೀ?"

"ಹೌದು."

"ಯಾರು ಅಂದ್ರೆ ಹೌದು ಅಂತೀರಲ್ಲ. ಆ ದಪ್ಪ ಕೋಟಿನವರೇ ಸಿಕ್ಕಿರ್ತಾರೆ ಬಿಡಿ."

"ಸರಿ."

"ಅವರಿಗೆ ಮಂಡಿ ನೋವು ಕಮ್ಮಿ ಆಯ್ತಂತಾ? ಆಗಿರಲ್ಲ. ಆ ತೂಕಕ್ಕೆ ಎಲ್ಲಿ ಕಮ್ಮಿ ಆಗತ್ತೆ."

"ಚಹಾ."

ಆಕೆ ಚಹಾ ಮಾಡುತ್ತಿದ್ದಳು. ಕೀಲಿಗಳು ಹೊಸದಾಗಿಯೇ ಉಳಿದವು, ಗುಂಡಿಗಳ ಮೇಲಿನ ಬಣ್ಣ ಮಾತ್ರ ಸವೆಯಿತು. ಬೇಕಾದ್ದು ಹೇಳಲು ದಾರಿ ಮಾಡಿಕೊಟ್ಟರೂ ಈ ಮನುಷ್ಯ ಚಹಾ ನೀರಿನ ಆಚೆಗೆ ಒಂದು ಮಾತು ಆಡುವುದಿಲ್ಲವಲ್ಲ. ಇವರಿಗೆ ನನ್ನ ಹತ್ತಿರ ಹೇಳುವಂಥದ್ದು ಏನೂ ಉಳಿದಿಲ್ಲ. ಹೀಗೆಂದು ಆಕೆ ತನ್ನೊಳಗೇ ತೀರ್ಮಾನ ಮಾಡಿಕೊಂಡಿದ್ದಳು. ಕಚೇರಿಯಿಂದ ಬರುವಾಗ ಎರಡನೇ ಮಹಡಿಯವರೆಗೆ ಮೆಟ್ಟಿಲು ಹತ್ತಬೇಕು. ಲಿಫ್ಟಿಗೆ ಮಾತು ಕಲಿಸುವವಳ ಮನೆಗೆ ಲಿಫ್ಟಿಲ್ಲ. ಆ ಮೆಟ್ಟಿಲುಗಳನ್ನು ಆಕೆ ವರ್ಷ ಕಳೆದಂತೆ ನಿಧಾನವಾಗಿ ಹತ್ತತೊಡಗಿದ್ದಳು. ಮಂಡಿ ಗಟ್ಟಿಯಾಗಿಯೇ ಇತ್ತು.

ಮೇಷ್ಟ್ರಿಗೆ ಒಬ್ಬಳು ಅಕ್ಕ. ಬಾಗಿಲಮ್ಮನಿಗೆ ಅತ್ತಿಗೆ. ಬೇರೆ ಊರಿನಲ್ಲಿ ಮಗ, ಸೊಸೆ, ಮೊಮ್ಮಕ್ಕಳ ದೊಡ್ಡ ಸಂಸಾರ. ಒಂದು ದಿನ ಫೋನು ಮಾಡಿದಳು.

"ನೋಡಮ್ಮ, ನೇರ ಹೇಳ್ತೀನಿ. ಅವನನ್ನ ನಮ್ಮನೆಗೆ ಕಳಿಸು. ನೀನು ಕೆಲಸಕ್ಕೆ ಹೋದ್ರೆ ಅವನು ಗೋಡೆ ನೋಡ್ಕೊಂಡು ಕೂತಿರ್ತಾನೆ. ಇಲ್ಲಿ ಮನೆ ತುಂಬ ಜನ. ಮಾತಾಡದಿದ್ರೂ ಕಿವಿಗೆ ಮಾತು ಬೀಳತ್ತೆ."

"ಎಷ್ಟು ದಿನಕ್ಕೆ ಅತ್ತಿಗೆ?"

"ಬಂದಿರ್ಲಿ. ವಾಪಸ್ಸು ಗಿಪಸ್ಸು ಆಮೇಲೆ ನೋಡಿದ್ರಾಯ್ತು."

"ಅವರನ್ನೇ ಕೇಳಿ," ಎಂದು ಬಾಗಿಲಮ್ಮ ಫೋನನ್ನು ಗಂಡನ ಕಡೆ ಹಿಡಿದಳು. ಅಕ್ಕ ಅದನ್ನೇ ಇನ್ನೊಮ್ಮೆ ಹೇಳಿದಳು. ಮೇಷ್ಟ್ರು ಹೆಂಡತಿಯ ಮುಖ ನೋಡಿದರು, ಪೆಟ್ಟಿಗೆ ನೋಡಿದರು, ಗುಂಡಿ ಒತ್ತಿದರು. "ಸರಿ."

ಬರುವ ಭಾನುವಾರ ಅತ್ತಿಗೆಯ ಮಗ ಕಾರು ತರುವುದೆಂದಾಯಿತು.

ಬಾಗಿಲಮ್ಮನಿಗೆ ಆ "ಸರಿ" ಮೈಯೊಳಗೆ ಮುಳ್ಳಿನ ಹಾಗೆ ಮುರಿದುಕೊಂಡಿತು. ಚಹಾ ಕೊಡಲೇ ಎಂದರೂ ಅದೇ ಸರಿ, ಮನೆ ಬಿಟ್ಟು ಹೋಗುತ್ತೀಯಾ ಎಂದರೂ ಅದೇ ಸರಿ, ಏರಿಲ್ಲ, ಇಳಿತವಿಲ್ಲ. ಮನಸ್ಸಿದ್ದು ಹೋಗುತ್ತಿದ್ದಾರೋ, ಬೇಡವೆನ್ನಲು ಬೇಸರವಾಗಿ ಹೋಗುತ್ತಿದ್ದಾರೋ? ಹೋಗುವ ಮುಂಚೆ ಗುಂಡಿಯದಲ್ಲದ ಒಂದು ಮಾತು, ಅವರದೇ ಒಂದು ಮಾತು ಸಿಕ್ಕಿಬಿಟ್ಟರೆ ಆಮೇಲೆ ಏನಾದರೂ ಆಗಲಿ ಎಂದು ಆಕೆಗೆ ಅನಿಸಿತು. ಆದರೆ ಕೇಳಲಿಲ್ಲ. ಕೇಳಿ, ಅದಕ್ಕೂ ಗುಂಡಿ ಒತ್ತಿಬಿಟ್ಟರೆ?

ಆ ವಾರವೇ ಕಚೇರಿಗೆ ಒಂದು ದೂರು ಬಂತು. ಒಂದು ವಸತಿ ಕಟ್ಟಡದವರಿಗೆ ಹೊಸ ಸೌಕರ್ಯವೊಂದನ್ನು ಮಾಡಿಕೊಟ್ಟಿದ್ದರು. ಕಟ್ಟಡದ ಕಾವಲುಗಾರ ಬೆಳಿಗ್ಗೆ ಆ ದಿನದ ಸೂಚನೆಯನ್ನು ಟೈಪ್ ಮಾಡಿದರೆ ಲಿಫ್ಟು ಅದನ್ನು ಓದಿ ಹೇಳಬೇಕು. ಅವನು "ಇಂದು ಮಧ್ಯಾಹ್ನ ನೀರು ಬರುವುದಿಲ್ಲ, ತುಂಬಿಸಿಟ್ಟುಕೊಳ್ಳಿ" ಎಂದು ಟೈಪ್ ಮಾಡಿದ. ಲಿಫ್ಟು "ಇಂದು ಮಧ್ಯಾಹ್ನ ನೀರು ಐದನೇ ಮಹಡಿ, ಐದನೇ ಮಹಡಿ" ಎಂದಿತು.

"ನಾಲ್ಕನೇ ಮಹಡಿಯವರು ಬಕೀಟು ಹಿಡ್ಕೊಂಡು ಐದನೇ ಮಹಡಿಗೆ ಹತ್ತಿದ್ದಾರಂತೆ," ಎಂದ ಗಡಿಬಿಡಿ. "ಅವರಿಗೆ ಮಾತ್ರ ಯಾಕೆ ನೀರು ಅಂತ ಜಗಳ. ನಮ್ಮ ಯಜಮಾನರು ಫೋನ್ ಹಿಡ್ಕೊಂಡು ಬೆವರ್ತಿದ್ದಾರೆ."

"ನೀವು ಏನಾದ್ರೂ ತಪ್ಪು ಕೊಟ್ಟಿರ್ತೀರ."

"ತಪ್ಪು ಕೊಟ್ಟಿದ್ರೆ ನಿಮ್ಮ ಬಾಗಿಲು ನನಗೆ ಉಪದೇಶ ಮಾಡ್ತಿರಲಿಲ್ವಾ? ಚಕಾರ ಎತ್ತದೆ ಒಳಗೆ ಬಿಟ್ಟಿದೆ."

ಅದು ನಿಜ. ಬಾಗಿಲಮ್ಮ ಬಾಗಿಲನ್ನು ಮೇಲಿಂದ ಕೆಳಗೆ ನೋಡಿದಳು. ಬಾಗಿಲಿಗೆ ಏನೇನು ಬರಬೇಕೆಂದು ಹೇಳುವುದು ಒಂದು ಪುಟ್ಟ ಅಕ್ಷರಸಾಲು: ಪದಕ್ಕೊಂದು ಅಕ್ಷರ, ಸಂಖ್ಯೆಗೊಂದು ಅಕ್ಷರ, ಆಮೇಲೆ ಒಂದು ನೆಟ್ಟಗೆರೆ. ಗೆರೆಯ ಆಚೆಯದು ಬಂದರೂ ಸರಿ, ಬರದಿದ್ದರೂ ಸರಿ. ಬರದೇ ಹೋದರೆ ಪಾತ್ರೆಯಲ್ಲಿ ಹಿಂದಿನವರ ಕಸ ಉಳಿಯಬಾರದೆಂದು ಆಕೆ ಮೊದಲೇ ತೊಳೆದು ಇಟ್ಟಿದ್ದಳು. ಎಲ್ಲ ಒಪ್ಪವಾಗಿತ್ತು. ಪದ ಬೇಕಿತ್ತು, ಪದವೇ ಬಂದಿತ್ತು. ಇನ್ನೇನು ತಪ್ಪು?

ತಪ್ಪು ಬಾಗಿಲಿನಲ್ಲಿ ಇರಲಿಲ್ಲ, ಬಾಗಿಲು ದಾಟಿದ ಮೇಲಿತ್ತು. ಚಹಾ ಆರಿ ಕೆನೆ ಕಟ್ಟಿದ ಹೊತ್ತಿಗೆ ಆಕೆಗೆ ಅದು ಕಂಡಿತು.

ಮೇಲಿನವರು ಮಾತನ್ನು ಕೊಟ್ಟಾಗ ಬಾಗಿಲಿಗೆ ಸಿಗುವುದು ಮಾತಲ್ಲ. ಆ ಮಾತು ಇಟ್ಟಿರುವ ಜಾಗ. 'ಅಗೋ ಅಲ್ಲಿದೆ, ಓದಿಕೊ' ಎಂದು ಬೆರಳು ತೋರಿಸಿದ ಹಾಗೆ. ಮಾತಿನ್ನೂ ಮೇಲಿನವರ ಕೈಯಲ್ಲೇ ಇರುತ್ತದೆ. ಬಾಗಿಲು ಉತ್ತರ ಕೊಡುವವರೆಗೆ ಅವರು ಹಿಡಿದಿರುತ್ತಾರೆ. ಉತ್ತರ ಬಂದ ಕೂಡಲೇ ಕೈಬಿಡುತ್ತಾರೆ. ಗುಡಿಸುವವರು ಬಂದು ಆ ಜಾಗದಲ್ಲಿ ಬೇರೇನನ್ನೋ ಬರೆದುಕೊಳ್ಳುತ್ತಾರೆ. ಬಾಗಿಲಮ್ಮ ಏನು ಮಾಡಿದ್ದಳೆಂದರೆ, ಮಾತು ಮುಗಿಯುವವರೆಗೆ ಲಿಫ್ಟು ಕಾಯಬಾರದೆಂದು, ಓದುವ ಕೆಲಸವನ್ನು ಹಿಂದಿನ ಕೋಣೆಯ ಆಳಿಗೆ ಒಪ್ಪಿಸಿ, ಮೇಲಿನವರಿಗೆ ತಕ್ಷಣ 'ಆಯಿತು' ಎಂದುಬಿಡುತ್ತಿದ್ದಳು. ಆಳು ಮೂರು ಪದ ಓದುವಷ್ಟರಲ್ಲಿ ಉಳಿದದ್ದು ಅಳಿಸಿ ಹೋಗಿ, ಅಲ್ಲಿ ಪಟ್ಟಿಗೆ ಬರೆಯುವ ಮಹಡಿಯ ಹೆಸರು ಕೂತಿರುತ್ತಿತ್ತು. ಅವನೋ, ಎದುರಿಗೆ ಕಂಡದ್ದನ್ನು ಓದುವವನು. 'ಇದನ್ನು ನಾನೂ ಹಿಡಿದಿದ್ದೇನೆ, ನಾನು ಹೇಳುವವರೆಗೆ ಬಿಡಬೇಡಿ' ಎಂದು ಬಾಗಿಲು ಒಂದು ಸಾಲಿನಲ್ಲಿ ಹೇಳಬೇಕಿತ್ತು. ಆ ಸಾಲು ಇರಲಿಲ್ಲ.

ಇಷ್ಟು ವರ್ಷ ಯಾಕೆ ಕಾಣಲಿಲ್ಲ? ಲಿಫ್ಟಿನ ಮಾತುಗಳೆಲ್ಲ ಮೊದಲೇ ಬರೆದಿಟ್ಟವು. "ಮೂರನೇ ಮಹಡಿ" ಎಂಬುದನ್ನು ಸ್ಕ್ರಿಪ್ಟು ಎಂದೂ ಕೈಬಿಡುವುದಿಲ್ಲ. ನಾಳೆಯೂ ಬೇಕಲ್ಲ. ಹಾಗಾಗಿ ಅದು ಇದ್ದಲ್ಲೇ ಇರುತ್ತದೆ.

ಗಡಿಬಿಡಿಗೆ ಇದನ್ನು ಹೇಳಿದಳು. ಅವನು ನಕ್ಕ.

"ಅಂದ್ರೆ ಹಳೇ ಮಾತಾದ್ರೆ ಎಷ್ಟು ಬೇಕಾದ್ರೂ ಹೇಳತ್ತೆ. ಹೊಸದಾಗಿ ಏನಾದ್ರೂ ಹೇಳು ಅಂದ್ರೆ ಮಾತ್ರ ನಾಲಿಗೆ ಹೊರಳಲ್ಲ. ನಮ್ಮ ಯಜಮಾನರ ಭಾಷಣದ ಹಾಗೆ."

ಆಕೆ ನಗಲಿಲ್ಲ. ಮನೆಯ ಪೆಟ್ಟಿಗೆ ನೆನಪಿಗೆ ಬಂತು. ಒಂದು ಸಂಜೆ ಆಕೆ ಒಲೆಯ ಮುಂದೆ ಬೆನ್ನು ಮಾಡಿ ನಿಂತಿದ್ದಾಗ, ಹಿಂದಿನಿಂದ ಪೆಟ್ಟಿಗೆ "ನಾನು ನಿನಗೆ ಒಂದು ಬ್ಯಾಟರಿ ಅರವತ್ತು, ಬ್ಯಾಟರಿ ಅರವತ್ತು" ಎಂದಿತ್ತು. "ಚಾರ್ಜಿಗೆ ಹಾಕಿ ರೀ," ಎಂದಿದ್ದಳು ಆಕೆ, ತಿರುಗಿ ನೋಡದೆ.

ಆ ದಿನ ಆಕೆ ಬಿಸಿಲಿರುವಾಗಲೇ ಚೀಲ ಎತ್ತಿಕೊಂಡು ಹೊರಟಳು. ಮೇಷ್ಟ್ರು ಮನೆಯಲ್ಲಿರಲಿಲ್ಲ, ತಿರುಗಾಡಲು ಹೋಗಿದ್ದರು. ಪೆಟ್ಟಿಗೆ ಮೇಜಿನ ಮೇಲೆ ಇತ್ತು. ಹೊರಗೆ ಹೋಗುವಾಗ ಅವರು ಅದನ್ನು ಒಯ್ಯುತ್ತಿರಲಿಲ್ಲ. ಆಕೆ ನಿಂತೇ ಕೀಲಿಗಳನ್ನು ಒತ್ತಿದಳು: ಇವತ್ತು ಕಚೇರಿಯಿಂದ ಬೇಗ ಬಂದೆ, ಕೆಳಗಿನ ಬೀಗದ ಅಂಗಡಿಯವನು ಏನಮ್ಮ ಹುಷಾರಿಲ್ವಾ ಅಂದ.

"ಇವತ್ತು ಕಚೇರಿಯಿಂದ ಬೇಗ ಬ್ಯಾಟರಿ ಎಪ್ಪತ್ತು," ಎಂದಿತು ಪೆಟ್ಟಿಗೆ ಖಾಲಿ ಮನೆಯಲ್ಲಿ. "ಬ್ಯಾಟರಿ ಎಪ್ಪತ್ತು."

ಕುರ್ಚಿ ಎಳೆದು ಕೂತಳು. ಅತ್ತಿಗೆಗೆ ಫೋನು ಮಾಡಿದಳು.

"ಅತ್ತಿಗೆ, ಹಿಂದೆ ಅಲ್ಲಿಗೆ ಬಂದಿದ್ರಲ್ಲ, ನನಗೆ ರಜ ಸಿಗದೆ ಅವರೊಬ್ರೇ. ಆಗ ಪೆಟ್ಟಿಗೇಲಿ ಮಾತಾಡಿದ್ರಾ?"

"ಅಯ್ಯೋ, ಅದನ್ನೇನು ಕೇಳ್ತೀಯ. ಎಲ್ರೂ ಊಟಕ್ಕೆ ಕೂತಿದ್ವಿ. ಅದೇನೋ ಉದ್ದಕ್ಕೆ ಟೈಪ್ ಮಾಡ್ದ, ನಾವೂ ತುತ್ತು ನಿಲ್ಲಿಸಿ ಕಾದ್ವಿ. 'ನನ್ನ ಹೆಂಡತಿ ಈ ಪೆಟ್ಟಿಗೆ' ಅಂತ ಶುರುವಾಯ್ತು, ಆಮೇಲೆ ಬ್ಯಾಟರಿ ಬ್ಯಾಟರಿ ಅಂತ ಬಡ್ಕೊಳ್ತು. ಮಕ್ಕಳು ಬಿದ್ದು ಬಿದ್ದು ನಕ್ರು. ಅವನೂ ನಕ್ಕ ಬಿಡು. ಯಾಕೆ?"

"ಸುಮ್ನೆ ಕೇಳ್ದೆ."

"ಭಾನುವಾರ ಬಟ್ಟೆ ಎಲ್ಲ ಕಟ್ಟಿಟ್ಟಿರು."

ಮಾರನೆಯ ದಿನ ಬಾಗಿಲಮ್ಮ ಆ ಸಾಲನ್ನು ಬರೆದಳು. ಹಿಡಿಯುವುದಕ್ಕೊಂದು ಸಾಲು, ಓದಿ ಮುಗಿದ ಮೇಲೆ ಬಿಡುವುದಕ್ಕೊಂದು ಸಾಲು. ಬಿಡದಿದ್ದರೆ ಆಡಿದ ಮಾತೆಲ್ಲ ಒಳಗೇ ರಾಶಿ ಬೀಳುತ್ತವೆ. ಪೇಪರಿನ ಒಂದು ಇಡೀ ಸುದ್ದಿಯನ್ನು ಓದಿಸಿ ಕೇಳಿದಳು, ಕೊನೆಯವರೆಗೆ ಒಂದಕ್ಷರ ತಪ್ಪಲಿಲ್ಲ. ಯಜಮಾನರು ಬೆನ್ನು ತಟ್ಟಿದರು. ಸಂಜೆ ಮನೆಗೆ ಬಂದು ಪೆಟ್ಟಿಗೆಯನ್ನೂ ಸರಿಮಾಡಿ ಗಂಡನ ಮುಂದೆ ಇಟ್ಟಳು.

"ರೀ, ಇದರಲ್ಲಿ ತಪ್ಪಿತ್ತು. ಉದ್ದದ ಮಾತು ಕೊಟ್ರೆ ಅರ್ಧಕ್ಕೆ ಬಿಟ್ಟುಬಿಡ್ತಿತ್ತು. ತಪ್ಪು ನಿಮ್ಮದಲ್ಲ, ಪೆಟ್ಟಿಗೇದೂ ಅಲ್ಲ, ನನ್ನದು. ಈಗ ಸರಿಹೋಗಿದೆ. ಏನು ಬೇಕಾದ್ರೂ ಹೇಳಬಹುದು."

ಮೇಷ್ಟ್ರು ಪೆಟ್ಟಿಗೆಯ ಕಡೆ ತಿರುಗಿದರು. ಕೈ ಕೀಲಿಗಳ ಹತ್ತಿರ ಹೋಯಿತು, ಅಲ್ಲೇ ನಿಂತಿತು, ಮೇಲಕ್ಕೆ ಸರಿಯಿತು.

"ಸರಿ."

ಶುಕ್ರವಾರ ಹಾಗೇ ಹೋಯಿತು. ಶನಿವಾರ ಆಕೆ ಅವರ ಅಂಗಿಗಳನ್ನು ಮಡಿಸಿ ಸೂಟ್‌ಕೇಸಿಗೆ ಇಟ್ಟಳು. ಕುತ್ತಿಗೆಗೆ ಕಟ್ಟುವ ತೆಳುಬಟ್ಟೆಗಳನ್ನು ಒಗೆದು, ಒಣಗಿಸಿ, ಬೇರೆ ಚೀಲದಲ್ಲಿ ಹಾಕಿದಳು. ಅವರು ಎದುರಿಗೆ ಕೂತು ನೋಡುತ್ತಿದ್ದರು. ಎರಡು ಸಲ "ನೀರು" ಎಂದರು, ಒಂದು ಸಲ "ನೋವಿಲ್ಲ" ಎಂದರು. ಪೆಟ್ಟಿಗೆ ಕೆಟ್ಟೇ ಇದ್ದಿದ್ದರೆ ತಪ್ಪನ್ನು ಅದರ ಮೇಲಾದರೂ ಹಾಕಿ ಆಕೆ ಸುಮ್ಮನಿರಬಹುದಿತ್ತು. ಈಗ ಅದೂ ಇರಲಿಲ್ಲ.

ಭಾನುವಾರ ಬೆಳಿಗ್ಗೆ, ಸೂಟ್‌ಕೇಸು ಬಾಗಿಲ ಬಳಿ ನಿಂತ ಮೇಲೆ, ಆಕೆಗೆ ತಡೆಯಲಾಗಲಿಲ್ಲ.

"ನಿಮಗೆ ಹೋಗೋಕೆ ಮನಸಿದೆಯಾ? ಇದ್ರೆ ಹೋಗಿ, ನಾನು ಬೇಡ ಅನ್ನಲ್ಲ. ಆದ್ರೆ ಗುಂಡಿ ಒತ್ತಬೇಡಿ. ಒಂದೇ ಒಂದು ಮಾತು ನಿಮ್ಮದು ಹೇಳಿ."

ಮೇಷ್ಟ್ರು ಪೆಟ್ಟಿಗೆಯನ್ನು ತೊಡೆಯ ಮೇಲೆ ಎಳೆದುಕೊಂಡರು. ಒಂದು ಬೆರಳಿನಿಂದ ಕೀಲಿ ಹುಡುಕಿ ಹುಡುಕಿ ಒತ್ತತೊಡಗಿದರು. ಪಟ್ಟಿಯಲ್ಲಿ ಅಕ್ಷರಗಳು ಕಾಣಿಸಿಕೊಂಡು ಜಾರಿ ಹೋಗುತ್ತಿದ್ದವು. ಆಕೆ ನಿಂತಲ್ಲಿಂದ ಓದಲು ನೋಡಿದಳು, ಆಗಲಿಲ್ಲ. ಹೊತ್ತು ಹೋಯಿತು.

"ಅಲ್ಲಿ ಜನ ಇದ್ದಾರೆ ಅಂತಾನಾ?" ಎಂದಳು. "ನನಗೂ ಗೊತ್ತಾಗತ್ತೆ, ದಿನವಿಡೀ ಒಬ್ರೇ ಇರೋದು ಅಂದ್ರೆ. ಇಲ್ಲಾ ನನ್ನ ಮೇಲೆ ಬೇಜಾರಾ? ಬೇಜಾರೇ ಇರತ್ತೆ, ನಾನು—"

ಮೇಷ್ಟ್ರು ತಲೆ ಎತ್ತದೆ ಎಡಗೈಯನ್ನು ಎತ್ತಿ ಅಂಗೈ ತೋರಿಸಿದರು. ನಿಲ್ಲಿಸು ಎನ್ನುವ ಕೈ ಅದು. ಆಕೆ ನಿಲ್ಲಿಸಿದಳು. ಬಲಗೈ ಒತ್ತುತ್ತಲೇ ಇತ್ತು. ಕೊನೆಗೆ ಮಾತಿನ ಕೀಲಿ ಒತ್ತಿ ಕೈ ಹಿಂದಕ್ಕೆ ತೆಗೆದರು.

"ಹೋಗ್ತೀನಿ," ಎಂದಿತು ಪೆಟ್ಟಿಗೆ. "ಕೋಪ ಮಾಡ್ಕೊಂಡು ಅಲ್ಲ. ನೀನು ಕೇಳಿದ್ದಕ್ಕೆಲ್ಲ ನೀನೇ ಉತ್ತರ ಹೇಳ್ತೀಯ. ನಾನು ಮೊದಲನೇ ಅಕ್ಷರ ಹುಡುಕೋ ಅಷ್ಟರಲ್ಲಿ ನನ್ನ ಮಾತು ನಿನ್ನ ಬಾಯಲ್ಲಿ ಮುಗಿದಿರತ್ತೆ. ಮೊದಲು ಪೆಟ್ಟಿಗೆ ಕೆಟ್ಟಿದೆ ಅಂತ ಬಿಟ್ಟೆ. ನೀನು ಅಷ್ಟು ಆಸೆಯಿಂದ ಮಾಡಿದ್ದೆ, ಕೆಟ್ಟಿದೆ ಅಂತ ಹೇಳೋಕೆ ಮನಸಾಗಲಿಲ್ಲ. ಆಮೇಲೆ ಅದು ಸರಿಯಿದ್ರೂ ಏನು ಅಂತ ಬಿಟ್ಟೆ. ಅಲ್ಲಿ ಹೋಗಿ ನನ್ನ ಹತ್ರ ಇನ್ನೂ ಮಾತು ಇದೆಯಾ ಅಂತ ನೋಡ್ಕೋಬೇಕು. ವಾಪಸ್ಸು ಯಾವಾಗ ಅಂತ ಈಗ ಹೇಳಲ್ಲ. ಸುಳ್ಳಾಗತ್ತೆ. ಇನ್ನೊಂದು. ಈ ದನಿ ಯಾವ ಲಿಫ್ಟಿನದು? ತುಂಬ ನಯ. ನಾನು ಇಷ್ಟು ಒಳ್ಳೆಯವನಲ್ಲ."

ಮಾತು ಕೊನೆಯ ಅಕ್ಷರದವರೆಗೆ ಬಂದು ನಿಂತಿತು. ಒಂದು ಕಡೆಯೂ ಜಾರಲಿಲ್ಲ.

ಬಾಗಿಲಮ್ಮನ ಬಾಯಿಗೆ ಬಂದದ್ದು ಬೇಕಾದಷ್ಟಿತ್ತು. ಹಾಗಲ್ಲ ರೀ, ನಿಮಗೆ ಕಷ್ಟವಾಗಬಾರದೆಂದು ನಾನೇ ಹೇಳುತ್ತಿದ್ದೆ ಎನ್ನಬಹುದಿತ್ತು. ಒಂದು ಮಾತು ಆಡಿದರೆ ಇನ್ನೊಂದು ಬರುತ್ತಿತ್ತು, ಅವರ ಪಾಲಿನದೂ ಆಕೆಯ ಬಾಯಿಂದಲೇ ಬರುತ್ತಿತ್ತು. ತುಟಿ ಬಿಚ್ಚಿದವಳು ಹಾಗೇ ಮುಚ್ಚಿದಳು. ಕೆಳಗೆ ಕಾರು ಹಾರನ್ನು ಹೊಡೆಯಿತು. ಮೇಷ್ಟ್ರು ಎದ್ದು ಕಿಟಕಿಯಿಂದ ಬಗ್ಗಿ ನೋಡಿದರು.

ಅತ್ತಿಗೆ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದಳು. "ಏನೇ ಇದು, ಇಬ್ರೂ ಕಲ್ಲಿನ ಹಾಗೆ ನಿಂತಿದೀರ. ಅಳುವಂಥದ್ದು ಏನಾಗಿದೆ? ಪರದೇಶಕ್ಕೆ ಹೋಗ್ತಿದಾನಾ?"

"ಯಾರೂ ಅಳ್ತಿಲ್ಲ ಅಕ್ಕ," ಎಂದಿತು ಪೆಟ್ಟಿಗೆ, ಒಂದಷ್ಟು ಹೊತ್ತಾದ ಮೇಲೆ. "ನಿನ್ನ ಮಗ ಕಾರನ್ನ ಚರಂಡಿಗೆ ಒರಗಿಸಿ ನಿಲ್ಲಿಸಿದಾನೆ. ನಾನು ಮುಂದಿನ ಸೀಟಲ್ಲಿ ಕೂರ್ತೀನಿ."

ಅತ್ತಿಗೆ ಬೆಚ್ಚಿ ಪೆಟ್ಟಿಗೆಯನ್ನೂ ತಮ್ಮನನ್ನೂ ನೋಡಿದಳು. ಆಮೇಲೆ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಅದು ಬೆವರೋ ಏನೋ.

ಅವರು ಹೋದರು. ಮೆಟ್ಟಿಲುಗಳ ಮೇಲೆ ಸ್ವಲ್ಪ ಹೊತ್ತು ಆ ನಯದ ದನಿ ಕೇಳುತ್ತಿತ್ತು, ಆಮೇಲೆ ಕಾರಿನ ಸದ್ದಿನಲ್ಲಿ ಕರಗಿತು. ಬಾಗಿಲಮ್ಮ ಒಳಗೆ ಬಂದು ಚಹಾಕ್ಕಿಟ್ಟಳು. ಎರಡು ಲೋಟ ನೀರು ಹಾಕಿದ್ದು ಕುದಿಯತೊಡಗಿದ ಮೇಲೆ ಕಣ್ಣಿಗೆ ಬಿತ್ತು. ಎರಡೂ ಲೋಟ ತಾನೇ ಕುಡಿದಳು.

ಆಮೇಲಿನ ದಿನಗಳು ಹೇಗಿದ್ದವೆಂದು ಕೇಳಿದರೆ, ಉದ್ದ ಇದ್ದವು. ಹೌದು, ಬೇಡ, ಸರಿ ಎನ್ನುವ ದನಿಯೂ ಇಲ್ಲದ ಮನೆ ಎಷ್ಟು ದೊಡ್ಡದೆಂದು ಆಕೆಗೆ ಆಗ ತಿಳಿಯಿತು. ತಾನು ಎಷ್ಟು ಮಾತಾಡುತ್ತಿದ್ದೆನೆಂದೂ ತಿಳಿಯಿತು. ಅಭ್ಯಾಸಬಲದಿಂದ "ಇವತ್ತು ಗಾಳಿ ಜೋರಲ್ವಾ" ಎಂದು ಶುರುಮಾಡಿ, ಉತ್ತರವನ್ನೂ ತಾನೇ ಕೊಡಲು ಹೋಗಿ, ನಡುವೆ ನಿಲ್ಲಿಸುತ್ತಿದ್ದಳು. ಕಚೇರಿಯಲ್ಲಿ ಗಡಿಬಿಡಿ, "ಏನು ಮೇಡಮ್, ಈಚೆಗೆ ಬಾಯಿಗೂ ಬಾಗಿಲು ಹಾಕ್ಕೊಂಡಿದೀರ," ಎಂದ. ಆಕೆ ಅವನಿಗೆ ಮಾತು ಮುಗಿಸಲು ಬಿಟ್ಟಳು. ಅವನು ಇನ್ನೂ ಏನೇನೋ ಹೇಳಿದ; ಅತ್ತೆ ಅವನ ಮನೆಯಲ್ಲೇ ಹಾಸಿಗೆ ಹಿಡಿದಿದ್ದಾಳೆಂದು ಹೇಳಿದ. ಅವನ ಅವಸರ ಎಲ್ಲಿಯದೆಂದು ಆಕೆಗೆ ಅಷ್ಟು ವರ್ಷದಲ್ಲಿ ಅವತ್ತೇ ಗೊತ್ತಾದದ್ದು.

ಒಂದು ಸಂಜೆ, ಕಿಟಕಿಯಲ್ಲಿ ಇನ್ನೂ ಬೆಳಕಿರುವಾಗ, ಫೋನು ಬಂತು. ಅತ್ತಿಗೆಯ ಮನೆಯದು. ಎತ್ತಿಕೊಂಡಳು.

"ನಾನು," ಎಂದಿತು ಆ ನಯದ ದನಿ.

ಧ್ವನಿಪೆಟ್ಟಿಗೆ ಹೋದ ಮೇಲೆ ಮೇಷ್ಟ್ರು ಫೋನು ಮಾಡಿದ್ದು ಇದೇ ಮೊದಲು. ಹಿಂದೆ ಮಕ್ಕಳ ಗದ್ದಲ, ಪಾತ್ರೆಗಳ ಸದ್ದು. ಒಂದು ಬಾಗಿಲು ಹಾಕಿದ ಸದ್ದಾಗಿ ಗದ್ದಲ ದೂರವಾಯಿತು. ಆಮೇಲೆ ಕೀಲಿಗಳ ಟಿಕ್ ಟಿಕ್.

ಊಟ ಸರಿ ಹೋಗುತ್ತಿದೆಯೆ, ಕುತ್ತಿಗೆಯ ಬಟ್ಟೆ ದಿನಾ ಬದಲಾಯಿಸುತ್ತಿದ್ದೀರಾ, ಯಾವಾಗ ಬರುತ್ತೀರಿ, ಬರುತ್ತೀರಾ? ಒಂದರ ಹಿಂದೆ ಒಂದು ನಾಲಿಗೆಯ ತುದಿಗೆ ಬಂದು ನಿಂತವು. ಟಿಕ್ ಟಿಕ್ ನಿಂತಿತು. ಅಕ್ಷರ ಸಿಗಲಿಲ್ಲವೋ, ಒತ್ತಿದ್ದನ್ನು ಅಳಿಸುತ್ತಿದ್ದಾರೋ. ಮತ್ತೆ ಶುರುವಾಯಿತು. ಉದ್ದದ್ದೇ ಏನೋ ಇರಬೇಕು.

ಬಾಗಿಲಮ್ಮ ಫೋನನ್ನು ಕಿವಿಗೆ ಒತ್ತಿ ಹಿಡಿದು, ಕಾಲಿನಿಂದ ಕುರ್ಚಿಯನ್ನು ಹತ್ತಿರಕ್ಕೆ ಎಳೆದು, ಸದ್ದು ಮಾಡದೆ ಕೂತಳು.